ಅಪ್ಪ ಕಟ್ಟಿದ ಕಕ್ಕಸು

ಇದನ್ನು ನೆನೆದರೆ ಈಗಲೂ ನನಗೆ ವಾಕರಿಕೆ ಬರುತ್ತದೆ. ಕಕ್ಕಸಿನ ಮಾತು ಬರುತ್ತದೆಂದಲ್ಲ, ನಮ್ಮ ಮನೆಯವರು ನಡೆದುಕೊಂಡ ರೀತಿಗೆ. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ, ನಾನಂತೂ ಹೇಳುವವಳೇ.

ಅಪ್ಪ ಮಿಲಿಟರಿ ಮುಗಿಸಿ ಮುಳ್ಳೂರಿಗೆ ಬಂದಾಗ ನಾನಿನ್ನೂ ಲಂಗ ಹಾಕುತ್ತಿದ್ದೆ. ಎಂಬತ್ತರ ದಶಕದ ಶುರು. ಬಂದ ತಿಂಗಳಲ್ಲೇ ಹಿತ್ತಲಲ್ಲಿ ತಾನೇ ಗುಂಡಿ ತೋಡಿ, ಇಟ್ಟಿಗೆ ಕಟ್ಟಿ, ತಗಡಿನ ಬಾಗಿಲಿಟ್ಟು ಕಕ್ಕಸು ಎಬ್ಬಿಸಿದ. ಊರು ನಕ್ಕಿತು. ಉಣ್ಣುವ ಮನೆಯ ಬೆನ್ನಿಗೇ ಇದೇನು ಗಲೀಜು ಎಂದು ಅವ್ವ ಮೂರು ದಿನ ಮಾತು ಬಿಟ್ಟಳು. ಅಪ್ಪ ಯಾರಿಗೂ ಸೊಪ್ಪು ಹಾಕಲಿಲ್ಲ. ದಿನಾ ಬೆಳಿಗ್ಗೆ ಗಡ್ಡ ಕೆರೆದುಕೊಂಡು, ಕಂಬಳಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟು, ಬಕೆಟ್ ಹಿಡಿದು ಹಿತ್ತಲಿಗೆ ನಡೆಯುತ್ತಿದ್ದ. ತೊಳೆಯುತ್ತಿದ್ದವನೂ ಅವನೇ.

ನಾನು ಯಳಂದೂರಿಗೆ ಸೊಸೆಯಾಗಿ ಹೋದೆ. ಅವ್ವ ತೀರಿಕೊಂಡಳು. ಅಣ್ಣ ರೇಷ್ಮೆ ಹುಳು ಸಾಕತೊಡಗಿದ. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳು ಮಳೆಗೆ ನೆನೆಯುತ್ತವೆಂದು, ಒಂದು ವಾರದ ಮಟ್ಟಿಗೆ ಎಂದು, ಅವನ್ನು ಕಕ್ಕಸಿಗೆ ತುರುಕಿದ. ಹಿಂದೆಯೇ ಗೊಬ್ಬರದ ಮೂಟೆಗಳೂ ಬಂದವು. ಆ ವಾರ ಮುಗಿಯಲೇ ಇಲ್ಲ. ಆಗಿನ್ನೂ ಕಾಲು ಗಟ್ಟಿಯಿದ್ದ ಅಪ್ಪ ಜಗಳ ಬೇಡವೆಂದು ಎಲ್ಲರಂತೆ ಕಾಲುವೆ ಏರಿಗೆ ಹೋಗತೊಡಗಿದ. ಒಂದು ದಿನ ಅಲ್ಲೇ ಜಾರಿ ಬಿದ್ದು ಸೊಂಟ ಮುರಿದುಕೊಂಡ.

ಆಮೇಲೆ ಜಗುಲಿಯ ಮಂಚ, ಪಕ್ಕದಲ್ಲಿ ಹಳೇ ಬಣ್ಣದ ಡಬ್ಬ. ಬೀದಿಯಲ್ಲಿ ಹೋಗುವವರೆಲ್ಲ ನೋಡುವ ಹಾಗೆ. ಅತ್ತಿಗೆ ಅದನ್ನು ಚೆಲ್ಲುತ್ತಿದ್ದದ್ದು ದಿನಕ್ಕೊಂದೇ ಸಲ. ಡಬ್ಬದ ಮೇಲೆ ಕೂತ ನೊಣವೇ ಅಪ್ಪನ ಮುದ್ದೆಯ ಮೇಲೂ ಕೂರುತ್ತಿತ್ತು. ಥೂ. ಅಂಥ ಅಚ್ಚುಕಟ್ಟಿನ ಮನುಷ್ಯನಿಗೆ ಅದು!

ಆರು ತಿಂಗಳಿಗೆ ಗೋಡೆ ಹಿಡಿದು ಹಿತ್ತಲವರೆಗೆ ನಡೆಯುವಂತಾದ. ತಿಂಗಳಿಗೊಮ್ಮೆ ಹೋಗುತ್ತಿದ್ದ ನನ್ನನ್ನು ಅವನು ಕೇಳುತ್ತಿದ್ದದ್ದು ಒಂದೇ, ಆ ಮೂಟೆ ತೆಗೆಸು ಎಂದು. ನಾನು ಅಣ್ಣನಿಗೆ ಹೇಳಿದೆ.

"ಎಲ್ಲಿ ಮಡಗ್ಲಿ? ನಿನ್ ತಲೆ ಮ್ಯಾಲ?" ಎಂದ.

ನಾನು ಮುಖ ಊದಿಸಿಕೊಂಡು ಸಂಜೆಯ ಬಸ್ಸು ಹತ್ತಿದೆ. ಮುಂದಿನ ತಿಂಗಳೂ ಅಷ್ಟೇ. ಹಾಗೇ ಎರಡು ವರ್ಷ.

ಕಡೆಕಡೆಗೆ ಅಪ್ಪ ಮುದ್ದೆಯನ್ನು ಅರ್ಧಕ್ಕೆ ಬಿಡತೊಡಗಿದ. ಆಮೇಲೆ ಬರೀ ಗಂಜಿ, ಅದೂ ಎರಡು ಗುಟುಕು. ಹಸಿವಿಲ್ಲವೇನಪ್ಪ ಎಂದು ಕೇಳಿದ್ದಕ್ಕೆ ಬೀದಿಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದ: "ತಿಂದ್ರೆ ಓಗ್ಬೇಕಲ್ಲ ಮಗ."

ಮುಂದಿನ ತಿಂಗಳು ನಾನು ಹೋದದ್ದು ಅವನ ಮಣ್ಣಿಗೆ. ವಯಸ್ಸಾಗಿತ್ತು, ಅನ್ನ ಸೇರುತ್ತಿರಲಿಲ್ಲ ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ಕೊಳ್ಳೇಗಾಲದಿಂದ ಮಾಜಿ ಸೈನಿಕರು ಹಾರ ತರುತ್ತಾರೆ, ಮೈಸೂರಿನಿಂದ ಅತ್ತಿಗೆಯ ಅಕ್ಕನ ಮನೆಯವರು ಬರುತ್ತಾರೆ ಎಂದು ಸುದ್ದಿ ಬಂತು. ಪೇಟೆಯ ಹೆಂಗಸರು, ಬಯಲಿಗೆ ಹೋಗುವವರಲ್ಲ. ಅಣ್ಣ ಇಬ್ಬರು ಆಳುಗಳನ್ನು ಕರೆದ. ಅರ್ಧ ಗಂಟೆ, ಅಷ್ಟೇ. ಮೂಟೆ, ಚಂದ್ರಿಕೆ ಎಲ್ಲಾ ಈಚೆಗೆ ಬಂದವು. ಮಂಚ ತೆಗೆದಿದ್ದ ಜಗುಲಿಯಲ್ಲೇ ಅವಕ್ಕೆಲ್ಲ ಜಾಗ ಸಿಕ್ಕಿತು.

ಮೈಸೂರಿನ ಆಯಮ್ಮ ಹಿತ್ತಲಿಂದ ಬಂದು ಕೈ ಒರೆಸಿಕೊಳ್ಳುತ್ತಾ, ಹಳ್ಳಿಯಲ್ಲೂ ಎಷ್ಟು ಶುಚಿಯಾಗಿ ಇಟ್ಟುಕೊಂಡಿದ್ದೀರಿ ಎಂದಳು.

"ನಮ್ಮಪ್ಪಂಗೆ ಅದಿಲ್ದೆ ಆಯ್ತಿರ್ನಿಲ್ಲ ಕಣ್ರವ್ವ" ಎಂದ ಅಣ್ಣ. ಕಣ್ಣೊರೆಸಿಕೊಂಡ ಬೇರೆ.

ಮುಖಕ್ಕೆ ಉಗಿಯಬೇಕೆನಿಸಿತು. ಉಗಿಯಲಿಲ್ಲ. ನನ್ನ ಸೀರೆಯ ನೆರಿಗೆ ಇನ್ನೂ ಒದ್ದೆಯಿತ್ತು, ಕೈಯೆಲ್ಲ ಫಿನಾಯಿಲ್ ವಾಸನೆ. ಎರಡು ವರ್ಷದಲ್ಲಿ ಅಪ್ಪನಿಗಾಗಿ ಒಂದು ಮೂಟೆಯನ್ನೂ ಎತ್ತದ ನಾನು, ಆ ಬೆಳಿಗ್ಗೆ ನೆಂಟರಿಗೆಂದು ಆ ಕಕ್ಕಸನ್ನು ಕೂತು ಉಜ್ಜಿ ತೊಳೆದಿದ್ದೆ.