ಬೆಳೀತದೆ ಬಿಡು ಅನ್ನುವ ಕತ್ತರಿಯಣ್ಣ

ಅಲ್ಲ, ಕತ್ತರಿಯಣ್ಣನಿಗೆ ಷೇರಿನ ಹುಚ್ಚು ಹಿಡಿದಿತ್ತು ಅಂತ ನೀವು ಅಂದುಕೊಂಡಿದ್ದರೆ ಅದು ಅರ್ಧ ಮಾತ್ರ ನಿಜ. ಅವನಿಗೆ ಹಿಡಿದಿದ್ದು ಅದರ ಪದಗಳ ಹುಚ್ಚು. ನಮ್ಮ ಬೀದಿಯ ಮೂಲೆಯಲ್ಲಿರುವ ಎರಡು ಕುರ್ಚಿಯ ಸೆಲೂನ್ ಅವನದು. ಕುತ್ತಿಗೆಗೆ ಬಟ್ಟೆ ಸುತ್ತಿ ತಲೆಗೆ ನೀರು ಚಿಮುಕಿಸಿದನೋ ಇಲ್ಲವೋ, ಪಾಠ ಶುರು.

"ಹಣದುಬ್ಬರ ಅಂದ್ರೆ ಏನು ಹೇಳು ನೋಡೋಣ?"

"ಬೆಲೆ ಏರೋದು ಅಲ್ವಾ ಅಣ್ಣ?"

"ಏರೋದು ಬೆಲೆ, ಸರಿ. ಕರಗೋದು ಯಾವುದು? ನಿನ್ನ ಜೇಬಲ್ಲಿರೋ ನೋಟು! ಮೊದಲು ಎರಡು ಕಟಿಂಗ್ ಆಗ್ತಿದ್ದ ದುಡ್ಡಿಗೆ ಈಗ ಬರೀ ಶೇವಿಂಗ್. ನೋಟೂ ಅದೇ, ಮುಖಾನೂ ಅದೇ. ಅಲ್ಲಾಡ್ಬೇಡ್ವೋ!"

ಅಲ್ಲಾಡುತ್ತಿದ್ದುದು ನಾನಲ್ಲ, ಅವನು. ಒಂದು ಕಡೆ ನಿಂತ ಜೀವವೇ ಅಲ್ಲ ಅದು. ಆದರೆ ಹೇಳಿದರೆ ಮರೆಯದ ಹಾಗೆ ಹೇಳುತ್ತಿದ್ದ. ದುಡ್ಡನ್ನು ನಾಲ್ಕಾರು ಕಡೆ ಹಂಚಿ ಇಡಬೇಕು ಯಾಕೆ ಅಂತ ಕೇಳಿದ್ದಕ್ಕೆ, "ನನ್ನ ಗಿರಾಕಿಗಳೆಲ್ಲ ಒಂದೇ ಆಫೀಸಿನವರಾದ್ರೆ, ಆ ಆಫೀಸು ಮುಚ್ಚಿದ ದಿನ ನಾನೂ ಬಾಗಿಲು ಹಾಕ್ಬೇಕು" ಅಂದಿದ್ದ.

ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿಯುವ ಅವನ ಅಕ್ಕನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಶನ್ನಿಗೆಂದು ಬ್ಯಾಂಕಿನಲ್ಲಿಟ್ಟಿದ್ದ ದುಡ್ಡನ್ನು ಇವನೇ ತೆಗೆಸಿದ. ಹಣದುಬ್ಬರ ತಿಂದುಹಾಕುತ್ತದೆ ಅಂತ ಹೆದರಿಸಿ, ಪೂರ್ತಿ ಷೇರು ಕೊಳ್ಳುವ ಒಂದು ಮ್ಯೂಚುವಲ್ ಫಂಡಿಗೆ ಹಾಕಿಸಿದ. ಅಕ್ಕ ನಂಬಿದಳು.

ಆಮೇಲೆ ಮಾರುಕಟ್ಟೆ ಇಳಿಯತೊಡಗಿತು. ಕತ್ತರಿಯಣ್ಣ ಬಾಚಣಿಗೆ ಎತ್ತುತ್ತಿದ್ದ, ಇಡುತ್ತಿದ್ದ, ಫೋನ್ ನೋಡುತ್ತಿದ್ದ, ಬಾಗಿಲಿಗೆ ಹೋಗಿ ಬರುತ್ತಿದ್ದ. ಒಬ್ಬ ಡ್ರೈವರಿಗಂತೂ ಒಂದೇ ಕಡೆ ಮೀಸೆ ಟ್ರಿಮ್ ಮಾಡಿ ಬಟ್ಟೆ ಕೊಡವಿಬಿಟ್ಟ.

"ಅಣ್ಣ, ಇನ್ನೊಂದು ಕಡೇದನ್ನ ಮನೇಲಿ ಮಾಡ್ಕೊಳ್ಳಾ?"

ಯಾರಾದರೂ ಮಾರುಕಟ್ಟೆಯ ಮಾತೆತ್ತಿದರೆ ಒಂದೇ ಉತ್ತರ: "ಬೆಳೀತದೆ ಬಿಡು. ಕತ್ತರಿಸಿದ್ದು ಬೆಳೀದೆ ಎಲ್ಲಿಗೆ ಹೋಗತ್ತೆ?" ಹುಡುಗನಾಗಿದ್ದಾಗಿನಿಂದ ಅವನು ಕತ್ತರಿಸಿದ ಕೂದಲೆಲ್ಲ ಮತ್ತೆ ಬೆಳೆದೇ ಬಂದಿತ್ತು. ಬೇರೆ ಥರ ಯೋಚಿಸುವುದಾದರೂ ಹೇಗೆ?

ನಾನು ಅರ್ಧ ತಲೆ ಕತ್ತರಿಸಿಕೊಂಡು ಕೂತಿದ್ದಾಗಲೇ ಅಕ್ಕ ಗೋಡೆ ಹಿಡಿದುಕೊಂಡು ಒಳಗೆ ಬಂದಳು.

"ಲೋ, ಮುಂದಿನ ವಾರ ಬಾ ಅಂದ್ರು ಡಾಕ್ಟ್ರು. ದುಡ್ಡು ತೆಗೆದುಕೊಡು."

"ಸ್ವಲ್ಪ ತಡಿಯಕ್ಕ. ಈಗ ಮಾರಿದ್ರೆ ನಷ್ಟ. ಬೆಳೀತದೆ."

"ಎಷ್ಟು ದಿನಕ್ಕೆ?"

"ಅದು... ಹೇಳಕ್ಕಾಗಲ್ಲ."

"ನಾಳೆ ಮದುವೆ ಇರೋ ಗಂಡಿಗೆ ಇವತ್ತು ತಲೆ ಬೋಳಿಸಿ, ಬೆಳೀತದೆ ಬಿಡು ಅಂತೀಯೇನೋ?"

ಕತ್ತರಿಯ ಸದ್ದು ನಿಂತಿತು. ನಾನು ಕನ್ನಡಿಯಲ್ಲಿ ಯಾರ ಮುಖ ನೋಡಬೇಕೋ ತಿಳಿಯದೆ ನನ್ನದೇ ಅರ್ಧ ತಲೆ ನೋಡಿದೆ.

"ಅದಕ್ಕೊಂದು ಪದ ಇದೆ ಅಕ್ಕ," ಅಂದ, ಮೆಲ್ಲಗೆ. "ಲಿಕ್ವಿಡಿಟಿ ಅಂತ. ಬೇಕು ಅಂದಾಗ ಬೆಲೆ ಕೆಡದೆ ಕೈಗೆ ಸಿಗೋ ದುಡ್ಡು."

"ನಿಂಗೆ ಮೊದಲೇ ಗೊತ್ತಿತ್ತಾ ಇದು?"

"ಗೊತ್ತಿತ್ತು."

"ಮತ್ತೆ?"

ಕತ್ತರಿಯಣ್ಣ ಕತ್ತರಿ ಕೆಳಗಿಟ್ಟು ಫೋನ್ ತೆಗೆದ. ಅಲ್ಲೇ ನಿಂತು ಎಲ್ಲವನ್ನೂ ಮಾರಿದ. ಬಂದ ದುಡ್ಡು ಒಂದು ಕಣ್ಣಿಗೆ ಸಾಕಾಗಿ ಸ್ವಲ್ಪ ಉಳಿಯಿತು, ಎರಡಕ್ಕೆ ಸಾಲಲಿಲ್ಲ.

"ಬಲಗಣ್ಣು ಮೊದಲು ಮಾಡಿಸು," ಅಂದಳು ಅಕ್ಕ. "ಸೂಜಿಗೆ ದಾರ ಪೋಣಿಸೋದು ಅದರಲ್ಲೇ."

ಬಲಗಣ್ಣಿನ ಆಪರೇಶನ್ ಆಯಿತು. ಉಳಿದದ್ದು ಈಗ ಬ್ಯಾಂಕಿನ ಡೆಪಾಸಿಟ್‌ನಲ್ಲಿದೆ. ಎಡಗಣ್ಣಿನ ಸರದಿ ಯಾವಾಗ ಅಂತ ಯಾರೂ ಹೇಳುತ್ತಿಲ್ಲ. ಕತ್ತರಿಯಣ್ಣ ದಿನವೂ ಅದಕ್ಕೆ ಒಂದಿಷ್ಟು ಸೇರಿಸುತ್ತಾನೆ. ಹಣದುಬ್ಬರ ಅನ್ನುವ ಸಂಕಟ ಅವನನ್ನು ಇನ್ನೂ ಬಿಟ್ಟಿಲ್ಲ, "ಅಕ್ಕ, ಕರಗ್ತಾ ಇದೆ ಕಣೇ" ಅನ್ನುತ್ತಾನೆ. "ಕರಗಲಿ, ಕರೆದಾಗ ಬರತ್ತಲ್ಲ" ಅನ್ನುತ್ತಾಳೆ. ಅಂಗಡಿಯಲ್ಲೇ ಕೂತು ಗುಂಡಿ ಹೊಲಿಯುತ್ತಾ, ಅವನು ಹೊಸ ಪದ ಹೇಳಿದಾಗಲೆಲ್ಲ "ಯಾವಾಗ ವಾಪಸ್ ಸಿಗತ್ತೆ?" ಅಂತ ಕೇಳುತ್ತಾಳೆ.

ನೀವೂ ಒಮ್ಮೆ ಹೋಗಿ ಅವರನ್ನು ನೋಡಿ. ಅಕ್ಕನ ಬಲಗಡೆಗಿರುವ ಕುರ್ಚಿಯಲ್ಲೇ ಕೂರಿ, ನಿಮ್ಮ ಮುಖ ಅವಳಿಗೆ ಚೆನ್ನಾಗಿ ಕಾಣಲಿ.