ಫರಂಗಿ ಕತ್ತಿಯ ಒಳಗಿನ ಕೈ

ದೆವ್ವ, ಗಾಳಿ, ಮೈಮೇಲೆ ಬರುವುದು ಇವನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಆಯುಧಪೂಜೆಯ ದಿನ, ಹಾಡಹಗಲಲ್ಲಿ, ನನ್ನ ಬಲಗೈಗೆ ಆದದ್ದನ್ನು ಆಗಲೇ ಇಲ್ಲ ಎನ್ನಲೂ ನಾನು ಸಿದ್ಧಳಲ್ಲ. ನಗುವವರು ನಗಲಿ.

ನಮ್ಮದು ಅರಳಗುಪ್ಪೆ ಹತ್ತಿರದ ತೋಟದ ಮನೆ. ಕೊಬ್ಬರಿ ಅಟ್ಟದ ಕೆಳಗಿನ ಗೋಡೆಯಲ್ಲಿ ಹಿರಿಯರ ಕಾಲದ ಒಂದು ಕತ್ತಿ ತೂಗುಹಾಕಿದೆ. ಅದಕ್ಕೆ ಮಾಮೂಲಿ ಹಿಡಿ ಇಲ್ಲ. ಮೊಣಕೈಯ ಹತ್ತಿರದವರೆಗೆ ಬರುವ ಕಬ್ಬಿಣದ ಗವಸಿನೊಳಗೆ ಕೈ ತೂರಿಸಿ, ಒಳಗಿರುವ ಅಡ್ಡಕಂಬಿಯನ್ನು ಮುಷ್ಟಿಯಲ್ಲಿ ಹಿಡಿಯಬೇಕು. ಗವಸು ಈ ನಾಡಿನ ಕಮ್ಮಾರರದು. ಅಲಗು ಮಾತ್ರ ಯೂರೋಪಿನಿಂದ ಹಡಗಿನಲ್ಲಿ ಬಂದದ್ದು. ಅದರ ಮೇಲೆ ಇಂಗ್ಲಿಷಿನಂತೆ ಕಾಣುವ ಸವೆದ ಅಕ್ಷರಗಳಿವೆ, ಯಾರಿಗೂ ಓದಲು ಬಂದಿಲ್ಲ. ಮನೆಯಲ್ಲಿ ಅದನ್ನು ಫರಂಗಿ ಕತ್ತಿ ಎನ್ನುತ್ತೇವೆ. ಆಯುಧಪೂಜೆಯ ದಿನ ಮನೆಯ ಯಜಮಾನ ಅದನ್ನು ತೊಟ್ಟು ಬೂದುಗುಂಬಳ ಕಡಿಯಬೇಕು. ಹೆಂಗಸರು ಮುಟ್ಟಬಾರದು.

ಅಪ್ಪನ ವರ್ಷದ ತಿಥಿ ಮುಗಿದ ಮೇಲೆ ಬಂದ ಮೊದಲ ಆಯುಧಪೂಜೆಗೆ ಚಿಕ್ಕಪ್ಪ ಕಿಬ್ಬನಹಳ್ಳಿಯಿಂದ ಬೆಳಿಗ್ಗೆಯೇ ಬಂದರು. ಅಪ್ಪನಿಗೆ ನಾನೊಬ್ಬಳೇ ಮಗಳು.

"ಗಂಡ್ಮಕ್ಳಿಲ್ದಿರೋ ಮನೇಲಿ ಇದು ಇರಂಗಿಲ್ಲ ಕಣಮ್ಮ. ನಾನು ತಗೊಂಡೋಯ್ತೀನಿ," ಎಂದರು.

ನನಗೆ ಮೈಯೆಲ್ಲ ಉರಿಯಿತು. ಅಪ್ಪ ಹಾಸಿಗೆ ಹಿಡಿದಾಗ ತೋಟಕ್ಕೆ ನೀರು ಬಿಟ್ಟವಳು, ಕೊಬ್ಬರಿ ಸುಲಿಸಿ ತಿಪಟೂರಿನ ಮಂಡಿಗೆ ಸಾಗಿಸಿದವಳು ನಾನು. ಆಗ ನಾನು ಹೆಣ್ಣೆಂಬುದು ಯಾರಿಗೂ ನೆನಪಾಗಿರಲಿಲ್ಲ.

"ಕುಂಬ್ಳಕಾಯಿ ನಾನೇ ಕಡೀತೀನಿ ಚಿಕ್ಕಪ್ಪ. ಅದೇನಾಯ್ತದೋ ಆಗ್ಲಿ."

"ಬ್ಯಾಡ ಕಣೇ, ಬುಟ್ಬುಡು," ಎಂದಳು ಅಮ್ಮ. ನಾನು ಕೇಳಲಿಲ್ಲ. ಕತ್ತಿ ಇಳಿಸಿ ಅಂಗಳಕ್ಕೆ ತಂದು, ಎಲ್ಲರೆದುರಿಗೇ ಗವಸಿನೊಳಗೆ ಕೈ ಹಾಕಿದೆ.

ಕಂಬಿಗೆಂದು ಬೆರಳು ಚಾಚಿದರೆ ಸಿಕ್ಕಿದ್ದು ಕಂಬಿಯಲ್ಲ, ಒಂದು ಮುಷ್ಟಿ. ಬೆಚ್ಚಗಿನ, ಒರಟು ಚರ್ಮದ, ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದ ಮನುಷ್ಯರ ಮುಷ್ಟಿ. ಅದರ ಗೆಣ್ಣುಗಳು ನನ್ನ ಬೆರಳಿಗೆ ತಾಗಿದವು. ಕೂಗಿಕೊಳ್ಳಬೇಕೆನಿಸಿತು. ಕೈ ಹಿಂದಕ್ಕೆಳೆದರೆ ಕತ್ತಿ ಕಿಬ್ಬನಹಳ್ಳಿಗೆ ಹೋದಂತೆಯೇ ಎಂಬುದೂ ಹೊಳೆಯಿತು. ಹಲ್ಲು ಕಚ್ಚಿ ಕೈಯನ್ನು ಇನ್ನೂ ಒಳಕ್ಕೆ ತಳ್ಳಿದೆ. ಆಗ ಆ ಮುಷ್ಟಿ ಸಡಿಲವಾಯಿತು. ಕಂಬಿಯನ್ನು ನನಗೆ ಬಿಟ್ಟುಕೊಟ್ಟು, ನನ್ನ ಕೈಯ ಮೇಲೆ ಮುಚ್ಚಿಕೊಂಡಿತು.

ಕತ್ತಿ ಎತ್ತಿದೆ. ಭಾರವೇ ಇರಲಿಲ್ಲ. ಮೊಂಡಾಗಿದ್ದ ಅಲಗು ಒಂದೇ ಏಟಿಗೆ ಕುಂಬಳವನ್ನು ಸೀಳಿ, ನೆಲಕ್ಕೆ ತಾಗಿ ಬಳುಕಿತು.

ಆ ಹೊತ್ತಿಗೆ ಒಳಗೆ ನನ್ನ ಕೈಯೊಂದೇ ಇತ್ತು. "ಏನೋ ಮಸಲತ್ತು ಮಾಡಿದೀಯ, ಕೊಡಿಲ್ಲಿ," ಎಂದು ಚಿಕ್ಕಪ್ಪ ಅದನ್ನು ಕಸಿದುಕೊಂಡು ತಮ್ಮ ಕೈ ತೂರಿಸಿದರು. ಮರುಗಳಿಗೆಯೇ ಮುಖ ಬಿಳಿಚಿಕೊಂಡು ಕೈ ಕಿತ್ತುಕೊಂಡರು. ಬೆರಳುಗಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಊಟಕ್ಕೂ ನಿಲ್ಲದೆ ಹೊರಟುಹೋದರು. ಏನಾಯಿತೆಂದು ಇಂದಿಗೂ ಹೇಳಿಲ್ಲ.

ಆಮೇಲೆ ಗವಸಿನೊಳಗೆ ಟಾರ್ಚ್ ಬೆಳಕು ಬಿಟ್ಟು ನೋಡಿದೆ. ಕಂಬಿ, ತುಕ್ಕು, ಮೊಳೆ, ಅಷ್ಟೆ. ಗಾಬರಿಗೆ ಹಾಗನಿಸಿರಬೇಕು ಎಂದಳು ನನ್ನ ಡಾಕ್ಟರ್ ಗೆಳತಿ. ಇರಬಹುದು. ಚಿಕ್ಕಪ್ಪನಿಗೆ ಯಾವ ಗಾಬರಿಯಿತ್ತು? ಆ ಕೈ ನಮ್ಮ ಮನೆಯವರದೋ, ಅಲಗಿನ ಜೊತೆ ಕಡಲು ದಾಟಿ ಬಂದ ಯಾರದೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲವೆಂದು ಕತ್ತಿಯನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಪ್ರತಿ ವರ್ಷ ನಾನೇ ತೊಡುತ್ತೇನೆ. ಒಳಗೆ ಕೈ ಹಾಕುವಾಗ ಪ್ರತಿ ಸಲವೂ ಹೆದರಿಕೆಯಾಗುತ್ತದೆ. ಹಾಕುತ್ತೇನೆ.