ಸರೋಜತ್ತೆಯ ಒತ್ತುಶಾವಿಗೆ

ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು, "ನಾಳೆ ತಾರಸಿ ಮೇಲೆ ಎಲ್ರ ಮನೆ ಊಟ ಕಣ್ರೀ. ಮಕ್ಕಳಿಗೆ ಹಿಡಿಸೋ ಅಡುಗೆ ನಾವು ಮಾಡ್ತೀವಿ, ನೀವು ಎಲೆ ತಂದ್ಬುಡಿ, ಸಾಕು" ಎಂದು ಹೇಳಿಹೋದರು. ಮಕ್ಕಳಿಲ್ಲದ ನಮ್ಮ ಮನೆಗೆ ಇಂಥ ರಿಯಾಯಿತಿಗಳು ಆಗಾಗ ಸಿಗುತ್ತವೆ. ನಾನೂ ನಕ್ಕು ತಲೆಯಾಡಿಸಿದೆ. ಹಾಲು ಮಾತ್ರ ಉಕ್ಕಿಹೋಯಿತು.

ತೊಂಬತ್ತರ ದಶಕದಲ್ಲಿ, ನಾನು ಚಿಕ್ಕವಳಿದ್ದಾಗ, ನಾವು ನಜರ್‌ಬಾದಿನಲ್ಲಿದ್ದೆವು. ಕಾರ್ತಿಕದ ಒಂದು ಭಾನುವಾರ ಬೀದಿಯ ಹೆಂಗಸರು, ಮಕ್ಕಳೆಲ್ಲ ಬೆಟ್ಟದ ತಪ್ಪಲಿನ ನೆಲ್ಲಿಮರದ ಕೆಳಗೆ ವನಭೋಜನಕ್ಕೆ ಹೋಗುವುದು ವಾಡಿಕೆ. ಮನೆಗೊಂದು ಅಡುಗೆ. ಆದರೆ ಯಾರು ಏನು ತರುತ್ತೀರಿ ಎಂದು ಬಾಯಿಬಿಟ್ಟು ಕೇಳುವಂತಿಲ್ಲ ನೋಡಿ, ಅದು ಮರ್ಯಾದೆಯಲ್ಲ. ಕೇಳಿದರೂ "ಏನೋ ಒಂದಿಷ್ಟು ತರ್ತೀನಿ ಬುಡಿ" ಎಂಬಷ್ಟೇ ಉತ್ತರ. ಸಂಕೋಚದಲ್ಲಿ ನಮ್ಮ ಬೀದಿಯವರು ಯಾರಿಗೂ ಸೋತವರಲ್ಲ.

ಎದುರುಮನೆಯ ಸರೋಜತ್ತೆಗೆ ಮಾತ್ರ ಅಮ್ಮ ಬಿಡಿಸಿ ಹೇಳಿದ್ದಳು: "ನೀವ್ಯಾಕೆ ತೊಂದ್ರೆ ತಗೋತೀರಾ? ಸುಮ್ನೆ ಬಂದ್ಬುಡಿ. ಮಕ್ಕಳಿಗೆ ಬೇಕಾದ್ದು ನಾವು ತರ್ತೀವಿ." ಸರೋಜತ್ತೆಗೆ ಮಕ್ಕಳಿರಲಿಲ್ಲ. ಅಮ್ಮ ಹೇಳಿದ್ದು ಉಪಚಾರಕ್ಕೇ. ಆದರೂ ಮಕ್ಕಳ ನಾಲಿಗೆ ಇವರಿಗೇನು ಗೊತ್ತು ಎಂಬುದೂ ಅದರೊಳಗಿತ್ತು.

ಮರದ ಕೆಳಗೆ ಪಾತ್ರೆಗಳ ಮುಚ್ಚಳ ತೆಗೆದರೆ, ಮೊಸರನ್ನ. ಮುಂದಿನದೂ ಮೊಸರನ್ನ, ಅದರಾಚೆಯದೂ ಅದೇ. ಬಿಸಿಲು, ಮಕ್ಕಳು, ಖಾರ ಬೇಡ ಎಂದು ಎಲ್ಲ ಅಮ್ಮಂದಿರೂ ಒಂದೇ ಯೋಚನೆ ಮಾಡಿದ್ದರು. ಒಂದರಲ್ಲಿ ದಾಳಿಂಬೆ, ಇನ್ನೊಂದರಲ್ಲಿ ದ್ರಾಕ್ಷಿ, ಅಷ್ಟೇ ವ್ಯತ್ಯಾಸ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮಗಂತೂ ಅಳುವೇ ಬಂತು.

ಸರೋಜತ್ತೆಯ ಬೆನ್ನ ಹಿಂದಿದ್ದ ಚೀಲದಿಂದ ಏಲಕ್ಕಿಯ ವಾಸನೆ ಬರುತ್ತಿತ್ತು. ತಿಂಡಿಯ ವಿಷಯದಲ್ಲಿ ನನ್ನ ಮೂಗು ಆಗಲೂ ಚುರುಕು.

"ಅತ್ತೆ, ಅದ್ರಲ್ಲೇನು?"

"ಏನಿಲ್ಲ ಕಣೇ, ಸುಮ್ನೆ ತಂದೆ" ಎಂದವರು ನಮ್ಮಮ್ಮನ ಮುಖ ನೋಡಿದರು. ಬೇಡವೆಂದರೆ ಹಾಗೆಯೇ ವಾಪಸು ಹೊತ್ತುಕೊಂಡು ಹೋಗುವವರಂತೆ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು. ಅವರ ಅಂಗೈಯಲ್ಲಿ ಕೆಂಪಗೆ ಬೊಬ್ಬೆ ಬಂದಿತ್ತು. ಶಾವಿಗೆ ಒರಳು ಒತ್ತಲು ಇಬ್ಬರು ಬೇಕು, ಅವರು ಒಬ್ಬರೇ ಒತ್ತಿದ್ದರು.

ಅಮ್ಮ ಆ ಅಂಗೈಯನ್ನು ನೋಡಿದಳು. ಆಮೇಲೆ ತನ್ನ ತಟ್ಟೆಯನ್ನೇ ಮುಂದೆ ಚಾಚಿ, "ಮೊದ್ಲು ನನಗೆ ಹಾಕಿ ಸರೋಜಮ್ಮ" ಎಂದಳು.

ಎಳೆಎಳೆಯಾದ ಬಿಳಿ ಒತ್ತುಶಾವಿಗೆ, ಮೇಲೆ ಬೆಲ್ಲದ ಕಾಯಿಹಾಲು. ನಾವು ಮಕ್ಕಳು ಮುಗಿಬಿದ್ದೆವು. ಸರೋಜತ್ತೆ ಕೂರಲೇ ಇಲ್ಲ, ಬಡಿಸುತ್ತಲೇ ಇದ್ದರು. ಕೊನೆಗೆ ಅವರಿಗೆ ಉಳಿದದ್ದು ಮೊಸರನ್ನ. ಅದನ್ನು ಅಷ್ಟು ಸಂತೋಷದಿಂದ ತಿಂದವರನ್ನು ನಾನು ಮತ್ತೆ ಕಂಡಿಲ್ಲ.

ಇಷ್ಟು ವರ್ಷ ನನಗೆ ನೆನಪಿದ್ದದ್ದು ಕಾಯಿಹಾಲಿನ ರುಚಿ. ಬರಬೇಡ ಎನ್ನದೆ, ತರಬೇಡ ಎಂದವರ ನಡುವೆ ಆ ಚೀಲ ಹೊತ್ತು ಬರಲು ಎಷ್ಟು ಧೈರ್ಯ ಬೇಕಿತ್ತು ಎಂಬುದು ಈಗ ತಿಳಿಯುತ್ತಿದೆ.

ಶಾವಿಗೆಗೆ ಅಕ್ಕಿ ನೆನೆಹಾಕಿದ್ದೇನೆ. ನಾಳೆ ಪಾತ್ರೆಯನ್ನು ಎಲ್ಲರ ನಡುವೆ ಇಟ್ಟು, ಯಾರೂ ಕೇಳುವ ಮೊದಲೇ ಮುಚ್ಚಳ ತೆಗೆಯುತ್ತೇನೆ.